ಎಡಗೈ ಕತ್ತರಿ

ಕತ್ತರಿ ಬಟ್ಟೆಯನ್ನು ಕತ್ತರಿಸದೆ ಅಗಿಯುತ್ತಿತ್ತು. ಟೈಲರನ ಮಗಳು ಹಲ್ಲು ಕಚ್ಚಿ ಮತ್ತೊಮ್ಮೆ ಒತ್ತಿದಳು. ಕಾಯಿಲೆಯಲ್ಲಿ ಅರ್ಧಕ್ಕರ್ಧ ಇಳಿದುಹೋಗಿದ್ದ ಅಪ್ಪನಿಗೆ ತನ್ನದೇ ಕೋಟು ದೊಗಳೆಯಾಗಿತ್ತು. ಊರಿಗೆಲ್ಲ ಅಳತೆಗೆ ಸರಿಯಾಗಿ ಹೊಲಿದುಕೊಟ್ಟವನನ್ನು ಹಾಗೆ ಕಳಿಸಿಕೊಡಲು ಅವಳಿಗೆ ಮನಸ್ಸಿರಲಿಲ್ಲ. ಹೆಣ ಎತ್ತಲು ಇನ್ನೊಂದು ಗಂಟೆಯಿತ್ತು.

"ಅದು ನಿನ್ನ ಕೈಗೆ ಬಗ್ಗಲ್ಲ ಮಗಳೇ. ಎಡಗೈ ಕತ್ತರಿ ಅದು."

ಬಾಗಿಲಲ್ಲಿ ಅಪ್ಪನ ಹಳೆಯ ಗೆಳೆಯ ಎಡಚ ನಿಂತಿದ್ದ. ಸೇತುವೆಯ ಆಚೆಯಿಂದ ಹತ್ತು ನಿಮಿಷದ ದಾರಿ. ಬರಲು ಅವನಿಗೆ ಇಪ್ಪತ್ತಾರು ವರ್ಷ ಹಿಡಿದಿತ್ತು. ಬಂದ ಮೇಲೂ ಕಾಲು ಹೊಸ್ತಿಲು ದಾಟಲೊಲ್ಲದು.

"ಚಿಕ್ಕಪ್ಪಾ," ಎಂದಳು ಅವಳು.

ಹೆಣದ ಬಳಿ ಕೂತಿದ್ದ ಅವಳ ಸೋದರಮಾವ ತಲೆಯೆತ್ತಿದ. "ಅವನು ನಿಂಗೆ ಯಾವ ಸೀಮೆ ಚಿಕ್ಕಪ್ಪ? ಆಚೆ ಕಡೆಯವನು. ನನ್ನ ಅಂಗಡಿ ಸುಟ್ಟವರ ಪೈಕಿ."

ಎಡಚ ಹೊಸ್ತಿಲಾಚೆಯೇ ಚಪ್ಪಲಿ ಕಳಚಿದ.

*

ಮನೆಯ ಈ ಮುಂದಿನ ಕೋಣೆಯೇ ಅಂಗಡಿ. ಇದೇ ಮೇಜಿನ ಹತ್ತಿರ ಇಬ್ಬರೂ ಹದಿನೆಂಟು ವರ್ಷ ದುಡಿದಿದ್ದರು. ಎಡಚನದು ಕಟಿಂಗು, ಟೈಲರನದು ಹೊಲಿಗೆ. ಪ್ರಾರ್ಥನೆ ಬೇರೆ, ಲಿಪಿ ಬೇರೆ; ಅಳತೆಪುಸ್ತಕ ಮಾತ್ರ ಒಂದೇ. ಅದರಲ್ಲಿ ಹೆಸರಿದ್ದವರನ್ನೆಲ್ಲ, ಸೇತುವೆಯ ಯಾವ ಕಡೆಯವರಾಗಲಿ, ಇಬ್ಬರೂ 'ನಮ್ಮವರು' ಎನ್ನುತ್ತಿದ್ದರು.

ಎರಡು ನಾಗರಿಕತೆಗಳು ಒಂದೇ ಸೂರಿನಡಿ ಬಾಳಲಾರವು ಎಂದು ರೇಡಿಯೋದಲ್ಲಿ ಯಾರೋ ಪಂಡಿತರು ಭಾಷಣ ಬಿಗಿಯುತ್ತಿದ್ದಾಗ ಟೈಲರ್ ಕೇಳಿದ್ದ: "ಒಂದು ನಾಗರಿಕತೆಗೆ ಎಷ್ಟು ಮೀಟರ್ ಬೇಕಾಗುತ್ತಯ್ಯಾ?"

"ಮೊದ್ಲು ಅಳತೆ ಕೊಡೋಕೆ ಬರಲಿ," ಎಂದಿದ್ದ ಎಡಚ. ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದರು.

ಆ ವಾರವೇ ಗಲಭೆಯಾಯಿತು. ಟೈಲರನ ಭಾವಮೈದನ ಅಂಗಡಿ ಬೂದಿಯಾದ ಮರುದಿನವೂ ಎಡಚ ಎಂದಿನಂತೆ ಕೆಲಸಕ್ಕೆ ಬಂದು ಕತ್ತರಿ ಹಿಡಿದ. ಟೈಲರ್ ಮುಖ ನೋಡದೆ ಹೇಳಿದ: "ನಿಮ್ಮವರು ಮಾಡಿದ್ದು ನೋಡಿದ್ಯಾ?"

ಬದಲಾಗಿದ್ದು ಒಂದೇ ಅಕ್ಷರ. ಎಡಚ ಕತ್ತರಿಯನ್ನು ಮೇಜಿನ ಮೇಲಿಟ್ಟು ಹೊರಟುಹೋದ. ಅದು ಸಂಕಟದಲ್ಲಿ ಬಾಯಿತಪ್ಪಿ ಬಂದ ಮಾತೆಂದು ಸಂಜೆಯೊಳಗೇ ಅವನಿಗೆ ಅರ್ಥವಾಗಿತ್ತು. ಆದರೂ ಅವನೇ ಬಂದು ಕರೆಯಲಿ ಎಂದು ಎಡಚ, ಇವನೇ ಬರಲಿ ಎಂದು ಟೈಲರ್. ಹಾಗೇ ಮುದುಕರಾದರು.

*

"ಅಪ್ಪ ಇದನ್ನ ಯಾರಿಗೂ ಮುಟ್ಟೋಕೆ ಬಿಡ್ತಿರಲಿಲ್ಲ," ಎಂದಳು ಮಗಳು. "ತಾವೂ ಇದರಲ್ಲಿ ಕತ್ತರಿಸ್ತಿರಲಿಲ್ಲ. ವಾರಕ್ಕೊಂದು ಸಲ ಎಣ್ಣೆ ಹಾಕಿಡೋರು. ಫಳಫಳ ಅಂತಿತ್ತು, ತಗೊಂಡೆ." ಆಮೇಲೆ ಮಾವನ ಕಡೆ ತಿರುಗಿದಳು. "ಕೋಟು ಇವರೇ ಸರಿಮಾಡ್ಲಿ ಮಾವ. ಅಪ್ಪನ ಅಳತೆ ಗೊತ್ತಿರೋರು ಇವರೊಬ್ಬರೇ."

ಮಾವ ಎದ್ದು ಕುರ್ಚಿಯನ್ನು ಗೋಡೆಗೆ ಎಳೆದುಕೊಂಡ. ಒಬ್ಬರು ಮೇಜಿನವರೆಗೆ ಹೋಗುವಷ್ಟು ಜಾಗವಾಯಿತು.

"ಹೊತ್ತಾಗುತ್ತೆ," ಎಂದ. "ಬೇಗ ಮುಗಿಸಿ."

ಎಡಚ ಗೆಳೆಯನ ಹೆಗಲಿನಿಂದ ಹೆಗಲಿಗೆ ಗೇಣು ಹಾಕಿದ. ಎರಡು ಗೇಣು ತುಂಬಲಿಲ್ಲ.

"ಇಷ್ಟು ಇಳಿದಿದ್ದೀಯಲ್ಲೋ," ಎಂದ ಮೆಲ್ಲಗೆ. "ನೀನು ಕರೀದಿದ್ರೆ ಏನಾಯ್ತು, ನಾನು ಬರಬೇಕಿತ್ತು."

ಕತ್ತರಿ ಕೈಗೆತ್ತಿಕೊಂಡ. ಆಗೆಲ್ಲ ಬೊಬ್ಬೆ ಏಳಬಾರದೆಂದು ಹೆಬ್ಬೆರಳಿನ ಹಿಡಿಗೆ ಅವನೊಂದು ಬಟ್ಟೆಪಟ್ಟಿ ಸುತ್ತಿಕೊಳ್ಳುತ್ತಿದ್ದ. ಪಟ್ಟಿ ಈಗಲೂ ಇತ್ತು. ಆದರೆ ಹಳೆಯದಲ್ಲ, ಇತ್ತೀಚೆಗೆ ಸುತ್ತಿದ ಬಿಳಿ ಬಟ್ಟೆ, ಅವನ ಅಂದಿನ ಅಳತೆಗೇ, ಎರಡು ಸುತ್ತು.

ಬೆರಳು ತೂರಿಸಿದ. ಸಡಿಲವಾಗಿತ್ತು. ಅವನ ಹೆಬ್ಬೆರಳೂ ಸೊರಗಿತ್ತು.

ಕೋಟಿನ ಪಕ್ಕದಿಂದ ಮೊದಲ ಪಟ್ಟಿಯನ್ನು ಹೇಗೋ ಕತ್ತರಿಸಿ ತೆಗೆದ. ಆ ಕಪ್ಪು ಪಟ್ಟಿಯನ್ನು ಬಿಳಿಯದರ ಮೇಲೆ ಇನ್ನೊಂದು ಸುತ್ತು ಸುತ್ತಿ, ಬೆರಳು ಬಿಗಿಯಾಗಿ ಕೂತ ಮೇಲೆ, ಉಳಿದ ಬಟ್ಟೆಗೆ ಬಗ್ಗಿದ.