ಪೆಟ್ಟಿಗೆ ಮಾತು ಬಿಟ್ಟ ದಿನ

ಟೈಪಿಸ್ಟನಿಗೆ ಹುಟ್ಟಿದಾಗಿನಿಂದ ಕಣ್ಣು ಕಾಣದು. ಅಂಥವನಿಗೆ ಕಂಪ್ಯೂಟರಿನ ಪರದೆ ಇದ್ದರೇನು, ಇಲ್ಲದಿದ್ದರೇನು? ಕೀಲಿ ಒತ್ತಿದರೆ ಪೆಟ್ಟಿಗೆ ಆ ಅಕ್ಷರ ಕೂಗಬೇಕು, ಸಾಲು ಮುಗಿದರೆ ಸಾಲು ಓದಬೇಕು. ಹಳೇ ಕಾಲದ, ಮೇಜಿನ ಮೇಲೆ ಮಲಗಿಸಿಡುವ ಪೆಟ್ಟಿಗೆ ಅದು. ಒಳಗಿನ ಫ್ಯಾನು ಗೊರಕೆ ಹೊಡೆಯುತ್ತಿತ್ತು ನಿಜ, ಆದರೆ ಮಾತಿಗೆ ಎಂದೂ ಮೋಸ ಮಾಡಿದ್ದಲ್ಲ. ಆ ದಿನ ಮಾತ್ರ ಒಂದು ಸಲ ‘ಪೀಂ’ ಅಂದದ್ದೇ ತಡ, ಬಾಯಿ ಮುಚ್ಚಿಕೊಂಡು ಕೂತುಬಿಟ್ಟಿತು.

ಅದೂ ಎಂಥ ದಿನ! ಸಭೆಗಳ ಧ್ವನಿಮುದ್ರಣ ಕೇಳಿ ಟೈಪ್ ಮಾಡಿಕೊಡುವ ಕೆಲಸ. ಆಫೀಸೊಂದು ಪರೀಕ್ಷೆಗೆಂದು ಒಂದು ಸಭೆಯ ಧ್ವನಿಮುದ್ರಣ ಕಳಿಸಿತ್ತು. ಸಂಜೆ ಬಾಗಿಲು ಹಾಕುವುದರೊಳಗೆ ಮುಟ್ಟಿಸಿದರೆ ಕೆಲಸ ಅವನದು, ಇಲ್ಲವೆಂದರೆ ಇನ್ನೊಬ್ಬರದು. ಮಾತುಕತೆಯೆಲ್ಲ ಫೋನಿನಲ್ಲೇ ಮುಗಿದಿತ್ತು. ಕಣ್ಣಿನ ವಿಷಯದಲ್ಲಿ ಅವನು ಬಾಯಿ ಬಿಟ್ಟಿರಲಿಲ್ಲ. ಹಿಂದೆ ಬಾಯಿ ಬಿಟ್ಟಲ್ಲೆಲ್ಲ ‘ತಿಳಿಸ್ತೀವಿ’ ಅಂದವರು ಇವತ್ತಿನವರೆಗೂ ತಿಳಿಸುತ್ತಲೇ ಇದ್ದಾರೆ.

ಪೆಟ್ಟಿಗೆ ಕೆಟ್ಟದ್ದಕ್ಕೆ ಕಾರಣ ಯಾರೆಂದು ಅವನು ಆಗಲೇ ತೀರ್ಮಾನಿಸಿಯಾಗಿತ್ತು: ಅತ್ತೆ. ಹೆಂಡತಿಯ ತಾಯಿ. ಶಾಲೆ ಮಕ್ಕಳ ಯೂನಿಫಾರಂ ಹೊಲಿಯುವ ಹೆಂಗಸು. ಅಂಗಡಿಯ ಸೂರು ರಿಪೇರಿಗೆ ಬಂತೆಂದು ಹಿಂದಿನ ಸಂಜೆ ಹೊಲಿಗೆ ಯಂತ್ರದ ಸಮೇತ ಮಗಳ ಮನೆಗೆ ಬಂದಿಳಿದಿದ್ದರು. ಮೇಜಿನ ಮೇಲೆ ಬಟ್ಟೆ ಹರಡಲು ಜಾಗ ಸಾಲದೆ, ಮಲಗಿದ್ದ ಪೆಟ್ಟಿಗೆಯ ವೈರೆಲ್ಲ ಕಿತ್ತು ಅದನ್ನು ಗೋಡೆಯ ಪಕ್ಕ ನೆಟ್ಟಗೆ ನಿಲ್ಲಿಸಿದ್ದರು.

“ದಯವಿಟ್ಟು ವೈರ್ ಮುಟ್ಟಬೇಡಿ ಅತ್ತೆ, ನಾನೇ ಹಾಕ್ತೀನಿ,” ಎಂದು ಟೈಪಿಸ್ಟ್ ಬೆಳಗ್ಗೆ ಸಿಡುಕಿದ್ದ. ಪೆಟ್ಟಿಗೆಯ ಬೆನ್ನು ಅವನ ಬೆರಳಿಗೆ ಬಾಯಿಪಾಠ. ಮಲಗಿದ್ದಾಗ ಎಡತುದಿಯಲ್ಲಿದ್ದ ತೂತು ನಿಲ್ಲಿಸಿದ ಮೇಲೆ ಮೇಲ್ತುದಿಗೆ ಬಂದಿರುತ್ತದೆ, ಅಷ್ಟೇ ತಾನೆ? ಹಾಗೆಂದು ಲೆಕ್ಕ ಹಾಕಿ ಒಂದೊಂದೇ ಪಿನ್ನು ಚುಚ್ಚಿದ್ದ.

ಈಗ ನೋಡಿದರೆ ಈ ಅವಸ್ಥೆ. ಸ್ಪೀಕರಿನ ಸದ್ದಿನ ತಿರುಗಣೆ ಪೂರ್ತಿ ತಿರುಗಿಸಿದ. ಕಿವಿ ಆನಿಸಿದ, ಒಳಗೆ ಸಣ್ಣಗೆ ಗುಂಯ್ ಅನ್ನುತ್ತಿತ್ತು. ಮೇಲೊಂದು ಏಟು ಕೊಟ್ಟ. ಪೆಟ್ಟಿಗೆ ಆರಿಸಿ ಮತ್ತೆ ಹಚ್ಚಿದ. ಪೀಂ. ಕೂತ, ಎದ್ದ, ಹೆಂಡತಿಗೆ ಫೋನ್ ಮಾಡಿದ. ಅವಳು ಬಸ್ ಕಂಡಕ್ಟರ್, ಡ್ಯೂಟಿಯಲ್ಲಿ ಫೋನು ಎತ್ತುವವಳಲ್ಲ. ಮತ್ತೆ ಕೂತ.

ಹೊಲಿಗೆ ಯಂತ್ರದ ಸದ್ದು ನಿಂತಿತು. “ಏನಾಯ್ತು ಅಳಿಯಂದ್ರೆ?”

“ಏನಿಲ್ಲ ಅತ್ತೆ.”

“ಏನಿಲ್ಲ ಅನ್ನೋ ಮುಖಾನಾ ಅದು? ಹರಳೆಣ್ಣೆ ಕುಡಿದವರ ಥರ ಇದೆ.”

ಅವನು ಹಲ್ಲು ಕಚ್ಚಿ ಕೇಳಿದ: “ಪರದೆ ಮೇಲೆ ಏನಾದ್ರೂ ಬರೆದಿದ್ಯಾ, ನೋಡ್ತೀರಾ?”

“ಇಂಗ್ಲಿಷು. ನನಗೆ ದೊಡ್ಡಕ್ಷರ ಮಾತ್ರ ಬರೋದು, ಯೂನಿಫಾರಂ ಜೇಬಿನ ಮೇಲೆ ಹಾಕೋವಷ್ಟು. ಕೆ... ಇ... ವೈ... ಬಿ... ಒ... ಈ ಬಿ ಇದ್ಯಲ್ಲ, ದಾರ ತಿನ್ನೋ ಅಕ್ಷರ.”

“ಅತ್ತೆ!”

“ಓದ್ತಿದೀನಪ್ಪ. ಎ, ಆರ್, ಡಿ. ಆಮೇಲೆ ಇ, ಆರ್, ಇನ್ನೊಂದು ಆರ್...”

ಕೀಬೋರ್ಡ್ ಎರರ್. ಅಂದರೆ ಪೆಟ್ಟಿಗೆ ಪೂರ್ತಿ ಎದ್ದೇ ಇಲ್ಲ, ಹೊಸ್ತಿಲಲ್ಲೇ ನಿಂತುಬಿಟ್ಟಿದೆ. ಟೈಪಿಸ್ಟ್ ಬೇರೆ ದಾರಿ ಕಾಣದೆ, ತೊಂದರೆಯಾದರೆ ಮಾಡಿ ಎಂದು ಆಫೀಸಿನವರು ಕೊಟ್ಟಿದ್ದ ರಿಪೇರಿಯವನ ನಂಬರಿಗೇ ಫೋನ್ ಮಾಡಿದ.

“ಹಿಂದೆ ಎರಡು ರೌಂಡ್ ಪಿನ್ ಇರುತ್ತಲ್ಲ ಸರ್, ಕೀಬೋರ್ಡಿಂದು, ಮೌಸಿಂದು. ಅದಲು ಬದಲು ಆಗಿರುತ್ತೆ,” ಎಂದ ರಿಪೇರಿಯವನು. “ಕೀಬೋರ್ಡಿಂದು ಯಾವ ಬಣ್ಣದ ತೂತಲ್ಲಿದೆ?”

ಬಣ್ಣವಂತೆ! ಆ ತೂತುಗಳಿಗೆ ಬಣ್ಣವಿದೆ ಎಂದು ಇಷ್ಟು ವರ್ಷದಲ್ಲಿ ಒಬ್ಬರೂ ಅವನಿಗೆ ಹೇಳಿರಲಿಲ್ಲ.

“ಕಪ್ಪು,” ಎಂದ.

“ಕಪ್ಪು ಇರಲ್ವಲ್ಲ. ಸರಿಯಾಗಿ ನೋಡಿ.”

“ಇಲ್ಲಿ ಬೆಳಕು ಕಡಿಮೆ.”

“ಹಾಡಹಗಲು ಸರ್! ಲೈಟ್ ಹಾಕ್ಕೊಳ್ಳಿ.”

“ಕರೆಂಟಿಲ್ಲ.”

“ಕರೆಂಟಿಲ್ದೆ ನಿಮ್ಮ ಕಂಪ್ಯೂಟರ್ ಹೇಗೆ ಪೀಂ ಅಂತು?”

ಟೈಪಿಸ್ಟ್ ಫೋನಿಗೆ ಅಂಗೈ ಮುಚ್ಚಿ ಪಿಸುಗುಟ್ಟಿದ: “ಅತ್ತೆ, ಸದ್ದು ಮಾಡದೆ ಹೇಳಿ, ಹಿಂದೆ ಯಾವ ಬಣ್ಣ ಇದೆ?”

“ಸದ್ದು ಮಾಡದೆ ಹೇಳಿದ್ರೆ ನಿಮಗೆ ಹೇಗೆ ಕೇಳುತ್ತೆ?” ಅತ್ತೆಯ ಗಂಟಲು ಮೂರು ಮನೆಗೆ ಸಾಲುವಂಥದ್ದು. “ನೇರಳೆ ಪಿನ್ನು ಹಸಿರು ತೂತಲ್ಲಿದೆ, ಹಸಿರು ಪಿನ್ನು ನೇರಳೆ ತೂತಲ್ಲಿದೆ. ಬೆಳಗ್ಗೆಯಿಂದ ಕಣ್ಣಿಗೆ ಚುಚ್ತಾ ಇದೆ. ಕೆಂಪು ಅಂಗಿಗೆ ಹಳದಿ ಗುಂಡಿ ಹಾಕಿದಂಗೆ.”

“ಬೆಳಗ್ಗೇನೇ ಯಾಕೆ ಹೇಳ್ಲಿಲ್ಲ?”

“ವೈರ್ ತಂಟೆಗೆ ಬರಬೇಡಿ ಅಂತ ಮುಖಕ್ಕೆ ಹೊಡೆದಂಗೆ ಅಂದ್ರಲ್ಲ. ಓದಿದ ಅಳಿಯ, ಏನೋ ಲೆಕ್ಕ ಇರುತ್ತೆ ಅಂತ ತೆಪ್ಪಗಿದ್ದೆ.”

ಫೋನಿನೊಳಗಿಂದ ರಿಪೇರಿಯವನು ಕೂಗಿದ: “ಸರ್, ಆ ಅಮ್ಮಾವ್ರಿಗೇ ಫೋನ್ ಕೊಡಿ, ಅವರಿಗೆ ಕಾಣುತ್ತೆ!”

ಇನ್ನೇನು ಮುಚ್ಚಿಡುವುದು? “ಹೌದು, ನನಗೆ ಕಾಣಲ್ಲ,” ಎಂದ ಟೈಪಿಸ್ಟ್. “ಹುಟ್ಟಿದಾಗಿಂದ.”

“ಮೊದಲೇ ಹೇಳೋದಲ್ವಾ ಸರ್, ಸುಮ್ನೆ ಕರೆಂಟಿನ ಮೇಲೆ ಹಾಕಿದ್ರಿ. ಆಫೀಸಲ್ಲಿ ಗೊತ್ತಾ?”

“ಇಲ್ಲ.”

“ಹ್ಞೂಂ,” ಎಂದ ರಿಪೇರಿಯವನು. ಅಷ್ಟೇ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

ಅತ್ತೆ ಪಿನ್ನುಗಳನ್ನೆಲ್ಲ ಬಣ್ಣಕ್ಕೆ ಬಣ್ಣ ಜೋಡಿಸಿದರು. ಟೈಪಿಸ್ಟ್ ಬೆರಳಾಡಿಸಿ ನೋಡಿ ತಲೆ ಚಚ್ಚಿಕೊಂಡ. ಅವರು ಪೆಟ್ಟಿಗೆಯನ್ನು ನಿಲ್ಲಿಸಿದ್ದು ಎಡಮಗ್ಗುಲಿನ ಮೇಲೆ. ಎಡತುದಿ ಹೋಗಿದ್ದು ಕೆಳಕ್ಕೆ. ಅವನು ಒಂದಲ್ಲ, ಎಲ್ಲವನ್ನೂ ತಲೆಕೆಳಗಾಗಿ ಎಣಿಸಿದ್ದ. ಸ್ಪೀಕರಿನ ಪಿನ್ನೂ ಮೈಕಿನ ತೂತಿಗೆ ಹೋಗಿ ಕೂತಿತ್ತು.

ಮತ್ತೆ ಹಚ್ಚಿದ. ಈ ಸಲ ಪೆಟ್ಟಿಗೆ ಎದ್ದಿತು, ಎದ್ದು ಗಂಟಲು ಹರಿಯುವಂತೆ ಬಡಬಡಿಸಿತು. ತಿರುಗಣೆ ಪೂರ್ತಿ ತಿರುಗಿಸಿದ್ದು ಅವನಿಗೆ ಮರೆತೇಹೋಗಿತ್ತು.

“ಅಯ್ಯಯ್ಯೋ! ಇದ್ಯಾಕೆ ಹೀಗೆ ಬೈತಿದೆ?” ಎಂದು ಅತ್ತೆ ಎದೆ ಹಿಡಿದುಕೊಂಡರು.

ಸಭೆಯ ಟೈಪಿಂಗನ್ನು ಟೈಪಿಸ್ಟ್ ಮುಗಿಸಿದನೇನೋ ನಿಜ, ಆದರೆ ಪ್ರತಿ ಸಾಲಿನ ಕೊನೆಗೂ ಆ ‘ಹ್ಞೂಂ’ ಬಂದು ಕೂರುತ್ತಿತ್ತು. ಹೇಳಿರುತ್ತಾನೆ. ಇಲ್ಲ, ಅವನಿಗ್ಯಾಕೆ? ಹೇಳೇ ಇರುತ್ತಾನೆ. ಕಳಿಸಿದ. ಕಳಿಸಿದ ಮೇಲೂ ಕಾಲು ನೆಲದಲ್ಲಿ ನಿಲ್ಲಲಿಲ್ಲ. ಅಡುಗೆಮನೆಗೂ ಬಾಗಿಲಿಗೂ ತಿರುಗಿದ್ದೇ ತಿರುಗಿದ್ದು.

ಫೋನು ಬಂತು. ಆಫೀಸಿನ ಮೇಡಂ. ಅವರು ಬಾಯಿ ತೆರೆಯುವ ಮೊದಲೇ ಅವನೆಂದ: “ಮೇಡಂ, ನನಗೆ ಕಣ್ಣು ಕಾಣಲ್ಲ.”

“ಗೊತ್ತಾಯ್ತು. ಟೈಪಿಂಗ್ ಚೆನ್ನಾಗಿದೆ. ನೀವು ಹೇಳದೆ ಇದ್ದಿದ್ದು ಮಾತ್ರ ಬೇಜಾರಾಯ್ತು.”

“ಹೇಳಿದ್ರೆ ಕೊಡ್ತಿದ್ರಾ ಮೇಡಂ?”

“ಗೊತ್ತಿಲ್ಲ,” ಎಂದರು ಮೇಡಂ. “ಇನ್ನೊಂದು ಕಳಿಸ್ತೀನಿ. ನಾಲ್ಕು ಜನ ಒಟ್ಟಿಗೇ ಕಿತ್ತಾಡ್ತಾರೆ, ಯಾರು ಏನಂದ್ರು ಅಂತ ಬಿಡಿಸಿ ಬರೀಬೇಕು. ನಮ್ಮವರು ಇಬ್ಬರು ಕೈಯೆತ್ತಿದ್ದಾರೆ. ಮಾಡಿ, ಆಮೇಲೆ ಮಾತಾಡೋಣ.”

ಸಿಕ್ಕಿತು ಅನ್ನುವ ಹಾಗೂ ಇಲ್ಲ, ತಪ್ಪಿತು ಅನ್ನುವ ಹಾಗೂ ಇಲ್ಲ. ಟೈಪಿಸ್ಟ್ ಕುರ್ಚಿ ಎಳೆದುಕೊಂಡ. ಸ್ಪೀಕರಿನಲ್ಲಿ ನಾಲ್ಕು ಗಂಟಲು ಒಮ್ಮೆಗೇ ಹರಿಹಾಯತೊಡಗಿದವು. ಹೊಲಿಗೆ ಯಂತ್ರ ನಿಂತಿತು.

“ಆ ಗೊಗ್ಗರು ಗಂಟಲಿನವನೇ ಕಳ್ಳ ಅಳಿಯಂದ್ರೆ. ಬರ್ಕೊಳ್ಳಿ.”

“ಯಾರು ಏನಂದ್ರು ಅಂತಷ್ಟೇ ಬರೀಬೇಕು ಅತ್ತೆ, ತೀರ್ಪು ಕೊಡೋದಲ್ಲ.”

“ಹಾಗಾದ್ರೆ ಇನ್ನೊಂಚೂರು ಜೋರಾಗಿಡಿ,” ಎಂದು ಅತ್ತೆ ಸ್ಟೂಲನ್ನು ಸ್ಪೀಕರಿನ ಹತ್ತಿರ ಎಳೆದರು. “ಆ ಸಣ್ಣ ದನಿಯವಳು ಏನೋ ಅಂತಿದಾಳೆ, ಇವರು ಬಿಡ್ತಾನೇ ಇಲ್ಲ.”

ಸಣ್ಣ ದನಿ? ಅವನು ಅದನ್ನು ಗಮನಿಸಿಯೇ ಇರಲಿಲ್ಲ. ಧ್ವನಿಯನ್ನು ಹಿಂದಕ್ಕೆ ಓಡಿಸಿ, ಉಸಿರು ಬಿಗಿಹಿಡಿದು ಮತ್ತೆ ಮೊದಲಿನಿಂದ ಕೇಳಲು ಕೂತ.