ಪರದೆ ಎಳೆದ ಊರುಗಳು

ಯಾವ ಊರಿನ ಹೆಸರು ಹೇಳಿದರೂ ಸಿಕ್ಕಿಬೀಳುತ್ತೇನೆ ಎಂದು ಅವನಿಗೆ ಬಸ್ಸಿನಲ್ಲಿ ಕೂತಾಗಲೇ ಖಚಿತವಾಗಿಹೋಗಿತ್ತು. ಪಕ್ಕದಲ್ಲಿ ಹೆಂಡತಿ ಎರಡು ಪಾಸ್‌ಪೋರ್ಟುಗಳನ್ನು ತೊಡೆಯ ಮೇಲಿಟ್ಟುಕೊಂಡು ಅವನದರ ಹಾಳೆ ತಿರುವುತ್ತ ಒಂದೊಂದೇ ಮುದ್ರೆ ಓದುತ್ತಿದ್ದಳು. ಅವಳದು ಹೊಚ್ಚಹೊಸದು. ಅದರಲ್ಲಿ ಓದಲು ಏನೂ ಇರಲಿಲ್ಲ.

"ರೀ, ಈಗಲಾದ್ರೂ ಹೇಳಿ. ಇಷ್ಟೊಂದು ಊರು ನೋಡಿದೀರಿ, ನಿಮಗೆ ತುಂಬ ಇಷ್ಟವಾದದ್ದು ಯಾವುದು?"

"ಎಲ್ಲಾ ಚೆನ್ನಾಗೇ ಇವೆ."

"ನೆಂಟರ ಮಕ್ಕಳನ್ನ ಹೊಗಳೋ ಹಾಗೆ ಹೇಳ್ತೀರಲ್ಲ!"

ಅವನು ನಕ್ಕಂತೆ ಮಾಡಿ ಕಿಟಕಿಯತ್ತ ತಿರುಗಿದ.

ಅವಳು ಮೂವತ್ತು ವರ್ಷ ಶಾಲೆಯಲ್ಲಿ ಭೂಗೋಳ ಕಲಿಸಿ ಹೋದ ತಿಂಗಳು ನಿವೃತ್ತಳಾಗಿದ್ದಳು. ಜಗತ್ತಿನ ನದಿ, ಬಂದರು, ರಾಜಧಾನಿಗಳೆಲ್ಲ ಬಾಯಿಪಾಠ. ಕಾಲಿಟ್ಟದ್ದು ಒಂದಕ್ಕೂ ಇಲ್ಲ. ಅವನೋ, ದೊಡ್ಡದೊಂದು ಹೋಟೆಲ್ ಕಂಪನಿಯ ಕೋಣೆ ಪರೀಕ್ಷಕ. ಇಪ್ಪತ್ತಾರು ವರ್ಷ ಊರಿಂದೂರಿಗೆ ಹಾರಿ, ಮಾಮೂಲಿ ಗಿರಾಕಿಯ ಹಾಗೆ ಕೋಣೆ ಹಿಡಿದು, ಬಾಗಿಲು ಹಾಕಿಕೊಂಡು, ನೂರನಲವತ್ತು ಪ್ರಶ್ನೆಗಳ ನಮೂನೆ ತುಂಬಿದ್ದ. ಬಿಸಿನೀರು ಎಷ್ಟು ಸೆಕೆಂಡಿಗೆ ಬರುತ್ತದೆ? ಮಂಚದಡಿ ಧೂಳಿದೆಯೆ? ಹ್ಯಾಂಗರುಗಳೆಷ್ಟು? ಮೂವತ್ತೆಂಟನೆಯ ಪ್ರಶ್ನೆ ಪರದೆಯದು: ನಡುಹಗಲಲ್ಲಿ ಪರದೆ ಎಳೆದರೆ ಕೋಣೆ ಪೂರ್ತಿ ಕತ್ತಲಾಗುತ್ತದೆಯೆ? ಒಳಗೆ ಕಾಲಿಟ್ಟ ಕೂಡಲೇ ಅವನು ಮಾಡುತ್ತಿದ್ದ ಮೊದಲ ಕೆಲಸ ಅದು. ಬೆಳಕು ಎಲ್ಲಿಂದ ಸೋರುತ್ತಿದೆ ಎಂದು ಕತ್ತಲಲ್ಲಿ ಹತ್ತು ನಿಮಿಷ ನಿಂತು ಹುಡುಕಬೇಕು. ಆಮೇಲೆ ಪರದೆ ಸರಿಸಬೇಕೆಂದು ನಮೂನೆಯಲ್ಲಿ ಎಲ್ಲೂ ಬರೆದಿರಲಿಲ್ಲ. ಊಟ ಕೋಣೆಗೇ ತರಿಸಬೇಕು, ಅದಕ್ಕೂ ಹನ್ನೊಂದು ಪ್ರಶ್ನೆ. ಮಲಗಿ ಎದ್ದರೆ ಟ್ಯಾಕ್ಸಿ, ಟ್ಯಾಕ್ಸಿ ಇಳಿದರೆ ವಿಮಾನ.

ಮೊದಮೊದಲು ಒಂದೆರಡು ಸಲ ಹೊರಗೆ ಹೋಗಿಯೂ ಇದ್ದ. ನಾಲ್ಕು ರಸ್ತೆ ಸುತ್ತಿ, ಎಲ್ಲರೂ ಎಲ್ಲಿಗೋ ಅವಸರದಲ್ಲಿ ಹೋಗುತ್ತಿರುವುದನ್ನು ನೋಡಿ, ತನಗೆ ಹೋಗಬೇಕಾದದ್ದು ಎಲ್ಲಿಗೂ ಇಲ್ಲವೆಂದು ಗಾಬರಿಯಾಗಿ ಹಿಂದಿರುಗಿದ್ದ. ಕೋಣೆಯಲ್ಲಾದರೆ ಪ್ರಶ್ನೆಗಳಾದರೂ ಇದ್ದವು.

ಆದರೆ ಮನೆಯಲ್ಲಿ ಅವಳು ಕಣ್ಣರಳಿಸಿಕೊಂಡು ಕಾದಿರುತ್ತಿದ್ದಳು. ಬರಿಗೈಯಲ್ಲಿ ಬರಬಹುದು, ಬರಿಬಾಯಲ್ಲಿ ಬರುವುದು ಹೇಗೆ? ವಿಮಾನದ ಸೀಟಿನ ಜೇಬಿನಲ್ಲಿರುವ ಪತ್ರಿಕೆಯಿಂದ ಒಂದಿಷ್ಟು ಎತ್ತಿ, ಮೇಲೊಂದಿಷ್ಟು ಒಗ್ಗರಣೆ ಹಾಕಿ ಹೇಳುತ್ತಿದ್ದ. ಲಿಸ್ಬನ್ನಿನ ಹಳದಿ ಟ್ರಾಮು ಏರುಬೀದಿಯಲ್ಲಿ ಮನೆಗಳಿಗೆ ಮೈ ತಾಗಿಸಿಕೊಂಡೇ ಹೋಗುತ್ತಿತ್ತಂತೆ; ಕಿಟಕಿಯಲ್ಲಿ ಕೂತಿದ್ದ ಅಜ್ಜಿಯೊಬ್ಬಳು ಕೈಚಾಚಿ ಅವನಿಗೊಂದು ಕಿತ್ತಳೆ ಕೊಟ್ಟಳಂತೆ. ಹೆಂಡತಿ ಅದನ್ನು ತರಗತಿಯಲ್ಲಿ ಹೇಳಿದಳು. ವರ್ಷವರ್ಷವೂ ಹೇಳಿದಳು. ಪರೀಕ್ಷೆಯಲ್ಲಿ ಪೋರ್ಚುಗಲ್ ಬಗ್ಗೆ ಬರೆಯಿರಿ ಎಂದರೆ ಮಕ್ಕಳು ಅಜ್ಜಿಯ ಕಿತ್ತಳೆ ಬರೆದರು, ಅವಳು ಅದಕ್ಕೆ ಅಂಕ ಕೊಟ್ಟಳು. ಉತ್ತರಪತ್ರಿಕೆಗಳನ್ನು ಅವನಿಗೂ ಓದಿ ತೋರಿಸಿದ್ದಳು. ಆಗಲೇ ಹೇಳಿಬಿಡಬೇಕಿತ್ತು. ನಾಚಿಕೆಯಾಗಿ ಸುಮ್ಮನಿದ್ದ.

ಇವತ್ತು ಅವಳು ಟಿಕೆಟ್ ಮಾಡಿಸಲು ಹೊರಟಿದ್ದಾಳೆ. ಅವನಿಗೆ ಪ್ರಿಯವಾದ ಊರನ್ನು ಅವನ ಜೊತೆಯಲ್ಲೇ ನೋಡಬೇಕೆನ್ನುವುದು ಅವಳ ಒಂದೇ ಆಸೆ. ಅಲ್ಲಿಳಿದ ಮೊದಲ ಗಂಟೆಯಲ್ಲೇ ಬಣ್ಣ ಬಯಲಾಗುತ್ತದೆ. ಅವಳು ಇಷ್ಟು ವರ್ಷ ಹೆಮ್ಮೆಪಟ್ಟುಕೊಂಡ ಗಂಡ ಎಂಬ ಮನುಷ್ಯ ಇರಲೇ ಇಲ್ಲವೆಂದು ಅವಳಿಗೆ ತಿಳಿಯುತ್ತದೆ.

ಟ್ರಾವೆಲ್ ಏಜೆನ್ಸಿಯ ಕೌಂಟರಿನಲ್ಲಿ ನಡುವಯಸ್ಸಿನ ಹೆಂಗಸೊಬ್ಬಳು ಕನ್ನಡಕ ಮೇಲೆತ್ತಿ, "ಎಲ್ಲಿಗೆ ಸಾರ್?" ಎಂದಳು.

"ಲಿಸ್ಬನ್," ಎಂದಳು ಹೆಂಡತಿ, ಅವನು ಬಾಯಿ ತೆರೆಯುವ ಮೊದಲೇ. "ಇವರು ಹೇಳಲ್ಲ, ಆದ್ರೆ ನಂಗೊತ್ತು. ಇವರಿಗೆ ಅದೇ ಇಷ್ಟ. ಅಲ್ಲೊಬ್ಬರು ಅಜ್ಜಿ ಇದಾರೆ."

"ಅಜ್ಜಿ ಈಗೆಲ್ಲಿರ್ತಾರೆ," ಎಂದು ಅವನು ಗೊಣಗಿದ. "ಆಗಲೇ ವಯಸ್ಸಾಗಿತ್ತು."

"ಮನೆಯಾದ್ರೂ ಇರತ್ತಲ್ಲ."

"ಹೋಟೆಲ್ ಯಾವ ಕಡೆ ಇರಲಿ?" ಎಂದಳು ಕೌಂಟರಿನವಳು. "ಸಾರ್ ನೋಡಿರೋರು, ಅವರೇ ಹೇಳಲಿ."

ಇಬ್ಬರೂ ಅವನನ್ನೇ ನೋಡಿದರು. ಅವನಿಗೆ ನೆನಪಾದದ್ದು ಒಂದು ಸ್ನಾನದ ಕೋಣೆ. ಹನ್ನೊಂದು ಸೆಕೆಂಡಿಗೆ ಬಿಸಿನೀರು, ನಲ್ಲಿಯ ಬುಡದಲ್ಲಿ ಕಿಲುಬು. ಅದು ಲಿಸ್ಬನ್ನಿನದೋ ಇನ್ನೆಲ್ಲಿಯದೋ.

"ನದಿ ದಡದಲ್ಲೇ ಇರಲಿ," ಎಂದ. ಶುರುಮಾಡಿದ ಮೇಲೆ ನಾಲಗೆ ತಾನಾಗಿ ಹೊರಳಿತು. "ಸಂಜೆ ಸೇತುವೆ ಮೇಲೆ ನಡೆದು ಹೋದ್ರೆ ಆಚೆ ಗುಡ್ಡದ ಮೇಲೆ ಅರಮನೆ. ದೀಪ ಹಚ್ಚಿದ ಮೇಲೆ ಡ್ಯಾನ್ಯೂಬ್ ನೋಡೋಕೆ ಎರಡು ಕಣ್ಣು ಸಾಲದು."

ಅರ್ಜಿ ತುಂಬುತ್ತಿದ್ದ ಹೆಂಡತಿಯ ಪೆನ್ನು ನಿಂತಿತು.

"ಡ್ಯಾನ್ಯೂಬಾ?"

"ಹೂಂ."

"ಲಿಸ್ಬನ್ನಲ್ಲಿರೋ ನದಿ ಟ್ಯಾಗಸ್. ನೀವು ಹೇಳ್ತಿರೋದು ಬುಡಾಪೆಸ್ಟ್." ತಪ್ಪು ಉತ್ತರ ಕೊಟ್ಟ ಮಗುವಿಗೆ ಇನ್ನೊಂದು ಅವಕಾಶ ಕೊಡುವ ದನಿ ಅದು.

"ಹೌದೌದು. ಎರಡೂ ಕಲಸಿಹೋಯ್ತು."

"ಇರಲಿ. ಲಿಸ್ಬನ್ನಲ್ಲಿ ನಿಮ್ಮ ಕೋಣೆ ಕಿಟಕೀಲಿ ಏನು ಕಾಣ್ತಿತ್ತು?"

"ಪರದೆ ಹಾಕಿತ್ತು."

"ಇಸ್ತಾಂಬುಲಲ್ಲಿ?"

ಅವನು ಮೇಜಿನ ಮೇಲಿದ್ದ ಸ್ಟೇಪ್ಲರನ್ನು ನೋಡಿದ.

"ವಿಯೆನ್ನಾದಲ್ಲಿ?"

"ಕೆಲಸ ಇರ್ತಿತ್ತು ಕಣೇ."

ಕೌಂಟರಿನವಳು ಏನನ್ನೋ ಹುಡುಕುವವಳಂತೆ ಡ್ರಾಯರಿನೊಳಗೆ ತಲೆ ಹಾಕಿದಳು.

"ಮತ್ತೆ ಅಜ್ಜಿ?"

"ಎಲ್ಲೋ ಓದಿದ್ದೆ," ಎಂದ. ಆಮೇಲೆ, ಅದರಿಂದ ಏನೋ ಸರಿಹೋಗುತ್ತದೆಂಬಂತೆ, "ಕಿತ್ತಳೆ ಮಾತ್ರ ನಾನೇ ಸೇರಿಸಿದ್ದು," ಎಂದ.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು, ಜಗಳದಲ್ಲಿ ಯಾವ ಮಾತಿಗೆ ಯಾವ ಮಾತು ಎಂದು ಅವನಿಗೆ ಅಭ್ಯಾಸವಿತ್ತು. ಅವಳು ಎರಡು ಪಾಸ್‌ಪೋರ್ಟುಗಳಲ್ಲಿ ಮುದ್ರೆಗಳು ತುಂಬಿದ್ದನ್ನು ಮೆಲ್ಲಗೆ ಅವನ ಕಡೆಗೆ ಸರಿಸಿದಳು.

"ಒಂದೇ ಟಿಕೆಟ್ ಮಾಡಿ."

"ಒಬ್ಬರೇ ಹೋಗ್ತೀರಾ ಮೇಡಂ?"

"ಊರು ಅದೇ ಇರಲಿ. ಅಷ್ಟು ಮಕ್ಕಳಿಗೆ ಹೇಳಿಕೊಟ್ಟಿದೀನಲ್ಲ, ಏನಿದೆ ಅಂತ ಒಂದ್ಸಲ ನೋಡ್ಕೊಂಡು ಬರ್ತೀನಿ."

ಅವನ ಎದೆಯ ಮೇಲಿಂದ ಏನೋ ಇಳಿದಂತಾಯಿತು. ಸದ್ಯ, ತಾನು ಹೋಗಬೇಕಿಲ್ಲ. ಹಾಗನ್ನಿಸಿದ್ದಕ್ಕೆ ಮರುಕ್ಷಣವೇ ಅವನಿಗೆ ತನ್ನ ಮೇಲೆ ಹೇಸಿಗೆ ಹುಟ್ಟಿತು. ಆದರೂ ಎದೆ ಹಗುರವಾಗಿಯೇ ಇತ್ತು.

ಪಾಸ್‌ಪೋರ್ಟಿನ ಜೆರಾಕ್ಸ್ ಬೇಕೆಂದು ಕೌಂಟರಿನವಳು ಹೇಳಿದಳು. "ನೀವಿಲ್ಲೇ ಇರಿ," ಎಂದು ಹೆಂಡತಿ ರಸ್ತೆಯಾಚೆಯ ಅಂಗಡಿಗೆ ಹೋದಳು. ಕೌಂಟರಿನವಳ ಎದುರು ಕೂತಿರಲಾರದೆ ಅವನು ಹೊರಗೆ ಬಂದು ಬಿಸಿಲಲ್ಲಿ ನಿಂತ.

ಇಳಿವಯಸ್ಸಿನ ದಂಪತಿ ಫುಟ್‌ಪಾತಿನ ಮೇಲೆ ನಕ್ಷೆ ಹಿಡಿದುಕೊಂಡು ಬರುತ್ತಿದ್ದರು. ಇಬ್ಬರ ಕೊರಳಲ್ಲೂ ಒಂದೇ ಥರದ ಟೋಪಿ ಜೋತಾಡುತ್ತಿತ್ತು. ಪ್ರವಾಸಿಗಳು.

"ನಕ್ಷೆ ತಲೆಕೆಳಗೆ ಹಿಡ್ಕೊಂಡಿದೀರಿ," ಎಂದಳು ಮುದುಕಿ.

"ಊರೇ ತಲೆಕೆಳಗಿದೆ, ನಾನೇನು ಮಾಡ್ಲಿ?" ಎಂದ ಮುದುಕ. ಇಬ್ಬರೂ ನಕ್ಕರು. ಆಮೇಲೆ ಮುದುಕ ಅವನನ್ನು ಕಂಡು ಹತ್ತಿರ ಬಂದ. "ಸಾರ್, ನೀವು ಇದೇ ಊರಿನವರಾ? ನಮ್ಹತ್ರ ಅರ್ಧ ದಿನ ಇದೆ. ಇಲ್ಲಿ ನಿಮಗೆ ಇಷ್ಟವಾದ ಜಾಗ ಯಾವುದಾದ್ರೂ ಒಂದು ಹೇಳಿ, ಸಾಕು."

ಅವನು ಪ್ರಾಮಾಣಿಕವಾಗಿಯೇ ಯೋಚಿಸಿದ. ಬಸ್ ನಿಲ್ದಾಣ, ಔಷಧಿ ಅಂಗಡಿ, ವಿಮಾನ ನಿಲ್ದಾಣದ ದಾರಿ. ಭಾನುವಾರಗಳಂದು ಹೆಂಡತಿ ಯಾವುದೋ ಕೆರೆಯ ದಂಡೆಗೆ ಹೋಗಿ ಬರುತ್ತಿದ್ದಳು. ಆ ಕೆರೆ ಯಾವ ದಿಕ್ಕಿಗಿದೆ ಎಂದು ಅವನು ಕೇಳಿರಲಿಲ್ಲ.

"ಕ್ಷಮಿಸಿ," ಎಂದ. "ನಾನೂ ಇವತ್ತೇ ಬಂದದ್ದು."

ಹೇಳುವಾಗ ದನಿ ಒಂಚೂರೂ ನಡುಗಲಿಲ್ಲ. ಹೆಂಡತಿ ರಸ್ತೆ ದಾಟಿ ಬಂದು, ಮುದುಕಿಯ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ನಿಂತದ್ದು ಅವನಿಗೆ ಕಂಡದ್ದು ಆಗಲೇ.

"ಅಯ್ಯೋ, ಒಬ್ಬರೇ ಬಂದಿದೀರಾ?" ಎಂದು ಮುದುಕಿ ಕನಿಕರದಿಂದ ಕೇಳಿದಳು.

ಅವನು ಹೆಂಡತಿಯನ್ನು ನೋಡಿದ. ಅವಳು ಜೆರಾಕ್ಸ್ ಹಾಳೆಗಳ ಅಂಚನ್ನು ಸರಿಮಾಡಿಕೊಳ್ಳುತ್ತಿದ್ದಳು. ತಲೆಯೆತ್ತಲಿಲ್ಲ.

"ಹೂಂ," ಎಂದ.

"ಹಾಗಾದ್ರೆ ನಮ್ಮ ಹಾಗೇ ನೀವೂ! ಬನ್ನಿ, ತೋರಿಸ್ತೀನಿ." ಮುದುಕ ಉತ್ಸಾಹದಿಂದ ನಕ್ಷೆಯನ್ನು ಗೋಡೆಗೆ ಒತ್ತಿ ಹಿಡಿದು, ಒಂದು ಕಡೆ ಬೆರಳೂರಿದ. "ನಾವೀಗ ನಿಂತಿರೋದು ಇಲ್ಲಿ. ನೋಡಿ."

ಅವನು ಕನ್ನಡಕ ಹಾಕಿಕೊಂಡು ಬಗ್ಗಿದ. ಮುದುಕನ ಬೆರಳು ದಪ್ಪವಾಗಿತ್ತು. ನಿಂತ ಜಾಗವನ್ನೂ ಅದರ ಸುತ್ತಲಿನ ರಸ್ತೆಗಳನ್ನೂ ಅದು ಪೂರ್ತಿ ಮುಚ್ಚಿಬಿಟ್ಟಿತ್ತು. ಹಿಂದಿನಿಂದ ಏಜೆನ್ಸಿಯ ಬಾಗಿಲು ತೆರೆದು ಮುಚ್ಚಿದ ಸದ್ದು ಕೇಳಿಸಿತು. ಬೆರಳು ಸರಿಯಲೆಂದು ಅವನು ಬಗ್ಗಿಯೇ ನಿಂತ.