ತಲೆ ಎತ್ತದ ಪಂದ್ಯ

ಶಂಭುಲಿಂಗಯ್ಯ ಆ ಸಂಜೆಯೂ ಮೊಣಕೈಗೆ ಕೆಸರು ಮೆತ್ತಿಕೊಂಡೇ ಮನೆಗೆ ಬಂದ. ಸೈಕಲ್ಲನ್ನು ಗೋಡೆಗೆ ಒರಗಿಸಿ, ಏನೂ ಆಗಿಲ್ಲವೆಂಬಂತೆ ಬಚ್ಚಲ ಕಡೆ ಹೊರಟ. ಆದರೆ ಜಗಲಿಯ ಮೇಲೆ ಅವನ ತಾಯಿ ಹೊಂಬಾಳಮ್ಮ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದಳು.

"ಎಲ್ಲಿ ಬಿದ್ಯಲಾ ಇವತ್ತು?"

"ಬೀಳ್ಲಿಲ್ಲ ಕಣವ್ವ. ಇಳಿದೆ."

"ಕಾಲುವೆಗಾ?"

"ಸದಾಶಿವಯ್ಯನ ತೋಟದ ಹತ್ರ. ಏನ್ ಗೊನೆ ಅಂತೀಯಾ ಅವ್ವ, ಈ ಸಲ! ಕಂಡ ಕಣ್ಣು ಕೀಳಾಕೆ ಆಗ್ಲಿಲ್ಲ."

ತೆಂಗಿನ ಫಸಲನ್ನು ಮರದ ಮೇಲಿರುವಾಗಲೇ ಕೊಳ್ಳುವುದು ಶಂಭುಲಿಂಗಯ್ಯನ ವ್ಯಾಪಾರ. ಕೆಳಗೆ ನಿಂತು ಮೇಲೆ ನೋಡಿ ತೋಟದಲ್ಲಿ ಎಷ್ಟು ಕಾಯಿ ಇಳಿಯುತ್ತದೆಂದು ಅವನು ಹೇಳಿದರೆ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತಿತ್ತು. ತೊಂದರೆಯೆಂದರೆ ಅವನು ಕೆಳಗೆ ನಿಂತು ಮಾತ್ರ ನೋಡುತ್ತಿರಲಿಲ್ಲ. ಸೈಕಲ್ ಹೊಡೆಯುತ್ತಲೂ ನೋಡುತ್ತಿದ್ದ. ಅವನ ಕಣ್ಣು ಮರದ ತುದಿಯಲ್ಲಿದ್ದಾಗ ಸೈಕಲ್ಲು ತನಗಿಷ್ಟ ಬಂದಲ್ಲಿಗೆ ಹೋಗುತ್ತಿತ್ತು. ಅದಕ್ಕೆ ತೆಂಗಿನಲ್ಲಿ ಆಸಕ್ತಿ ಇರಲಿಲ್ಲ. ಎಮ್ಮೆ, ಮುಳ್ಳುಬೇಲಿ, ಕಾಲುವೆಗಳಲ್ಲಿತ್ತು.

ಇದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು ಅವನ ಹೆಂಡತಿ ಗಿರಿಜಾಂಬಿಕಾ. ಕ್ಯಾರಿಯರಿನ ಮೇಲೆ ಪೂರ್ತಿ ಕೂರುವುದನ್ನು ಅವಳು ಮದುವೆಯಾದ ವರ್ಷವೇ ಬಿಟ್ಟಿದ್ದಳು. ಅರ್ಧ ಕೂತು, ಕಾಲನ್ನು ನೆಲಕ್ಕೆ ಹತ್ತಿರ ಇಳಿಬಿಟ್ಟು, ಗಂಡನ ಕತ್ತಿನ ಹಿಂಭಾಗವನ್ನೇ ನೋಡುತ್ತಿರುವುದು ಅವಳ ಅಭ್ಯಾಸ. ಆ ಕತ್ತಿನಲ್ಲಿ ಮಡಿಕೆ ಬಿತ್ತೆಂದರೆ ಅವನು ತಲೆ ಎತ್ತಿದನೆಂದು ಅರ್ಥ. ಅವಳು ಹಾರಿಕೊಂಡುಬಿಡುತ್ತಿದ್ದಳು.

ಆದರೆ ಆ ಸಂಜೆ ಗಿರಿಜಾಳ ಮನಸ್ಸಿನಲ್ಲಿ ಬೇರೊಂದು ವಿಷಯ ಕುದಿಯುತ್ತಿತ್ತು. ಕೆರೆ ಏರಿಯಾಚೆಯ ಹಳ್ಳಿಯಲ್ಲಿ ಹೊಸದಾಗಿ ಬಾಲವಾಡಿ ತೆರೆಯುತ್ತಿದ್ದರು. ಎಸ್ಸೆಸ್ಸೆಲ್ಸಿ ಪಾಸಾದ ಹೆಂಗಸು ಬೇಕಾಗಿತ್ತು. ಮಹಿಳಾ ಸಮಾಜದ ಲಕ್ಷ್ಮಿದೇವಮ್ಮ ಹೇಳಿ ಕಳಿಸಿದ್ದರು: ಸೋಮವಾರ ಬೆಳಿಗ್ಗೆ ಬಂದರೆ ಕೆಲಸ ನಿನ್ನದು, ಬಾರದಿದ್ದರೆ ಇನ್ನೊಬ್ಬಳು ಕಾದಿದ್ದಾಳೆ. ನಡೆದು ಹೋದರೆ ಮಧ್ಯಾಹ್ನದ ಅಡುಗೆಗೆ ಹಿಂದಿರುಗಲಾಗದು. ಬಸ್ಸು ಆ ಕಡೆ ಇಲ್ಲ. ಉಳಿದದ್ದು ಸೈಕಲ್ಲು. ಚಿಕ್ಕನಾಯಕನಹಳ್ಳಿಯ ತವರಿನಲ್ಲಿ ಹುಡುಗಿಯಾಗಿದ್ದಾಗ ಅಪ್ಪನ ಸೈಕಲ್ಲಿನ ಅಡ್ಡಕಂಬಿಯ ಕೆಳಗೆ ಕಾಲು ತೂರಿಸಿ ತುಳಿದವಳು, ಕಾಲು ಉದ್ದವಾದ ಮೇಲೆ ಸೀಟು ಹತ್ತಿ ಇಡೀ ಪೇಟೆ ಸುತ್ತಿದವಳು ಅವಳು.

ಊಟಕ್ಕೆ ಕೂತಾಗ ಮುದ್ದೆ ಬಡಿಸುತ್ತಾ ವಿಷಯ ತೆಗೆದಳು.

"ಕೆಲಸಕ್ಕೆ ನಾನು ಬ್ಯಾಡ ಅನ್ನಲ್ಲ," ಎಂದ ಶಂಭುಲಿಂಗಯ್ಯ ಧಾರಾಳವಾಗಿ. "ಸೈಕಲ್ಲಿಗೆ ಬ್ಯಾಡ ಅಂತೀನಿ. ಸೈಕಲ್ ಹೊಡೆಯೋಕೆ ಗಮನ ಬೇಕು ಕಣೇ. ಹೆಂಗಸರ ಮನಸ್ಸು ಹತ್ತು ಕಡೆ ಇರುತ್ತೆ. ಎಲ್ಲಾದ್ರೂ ಬೀಳ್ತೀಯ."

ಹೊಂಬಾಳಮ್ಮನಿಗೆ ಮಜ್ಜಿಗೆ ನೆತ್ತಿಗೇರಿತು. ಸೊಸೆಯ ಮೇಲೆ ಅವಳಿಗೆ ಅಂಥ ಮಮತೆಯೇನೂ ಇರಲಿಲ್ಲ, ಆದರೆ ಮಗನ ಮೊಣಕೈ ಇನ್ನೂ ಕಣ್ಣೆದುರಿಗೇ ಇತ್ತು.

"ನೀವು ಬೀಳ್ತೀರಲ್ಲ," ಎಂದಳು ಗಿರಿಜಾ.

"ನಾನು ಬೀಳೋದು ವ್ಯಾಪಾರಕ್ಕೆ. ಮನಸ್ಸು ಮಾಡಿದ್ರೆ ತಲೆ ಎತ್ತದೇ ಬೆಂಗ್ಳೂರಿಗಾದ್ರೂ ಹೋಗ್ತೀನಿ."

"ಬೆಂಗ್ಳೂರು ಬ್ಯಾಡ ಬುಡಿ. ನಾಳೆ ನಿಮ್ಮ ತಂಗಿ ಚಿಕ್ಕಗೌರನ ಮನೆಗೆ ಗಿಣ್ಣು ಕೊಡೋಕೆ ತುರುವೇಕೆರೆಗೆ ಹೋಗ್ತೀವಲ್ಲ. ಅಲ್ಲೀವರ್ಗೂ ತಲೆ ಎತ್ತದೇ ಹೋಗಿ ನೋಡಾನ. ಒಂದು ಸಲ ಎತ್ತಿದ್ರೂ ಸೋಮವಾರದಿಂದ ಸೈಕಲ್ ನನಗೆ."

"ಎತ್ತದೇ ಹೋದ್ರೆ?"

ಗಿರಿಜಾ ಸಾರಿನ ಸೌಟು ಕೈಯಲ್ಲಿ ಹಿಡಿದು ಒಂದು ಕ್ಷಣ ನಿಂತಳು. "ಈ ಕೆಲಸದ ಮಾತು ನನ್ನ ಬಾಯಲ್ಲಿ ಇನ್ನು ಬರಲ್ಲ."

"ಮರ ನೋಡಿ, ಗೊನೆ ನೋಡಿ ಅಂತ ನೀನು ಹೇಳಂಗಿಲ್ಲ."

"ಹೇಳಲ್ಲ."

"ಅವ್ವ, ನೀನೇ ಸಾಕ್ಷಿ," ಎಂದ ಶಂಭುಲಿಂಗಯ್ಯ. ಸಾಕ್ಷಿ ತಟ್ಟೆಯ ಕಡೆ ನೋಡಿಕೊಂಡು ನಗುತ್ತಿದ್ದಳು.

ಬೆಳಿಗ್ಗೆ ಅವನು ಹಣೆಗೆ ವಿಭೂತಿ ಬಳಿದುಕೊಂಡು ಯುದ್ಧಕ್ಕೆ ಹೊರಟವನಂತೆ ಸೈಕಲ್ ಹತ್ತಿದ. ಗಿರಿಜಾ ಗಿಣ್ಣಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಅರ್ಧ ಕೂತಳು. ಅವರ ಹಸು ಕರು ಹಾಕಿತ್ತು. ನಾದಿನಿ ಚಿಕ್ಕಗೌರಮ್ಮನಿಗೆ ಗಿಣ್ಣೆಂದರೆ ಪ್ರಾಣ. ಡಬ್ಬಿಯ ಒಳಗೆ ಅದು ಮೆತ್ತಗೆ ನಡುಗುತ್ತಿತ್ತು.

ಊರ ಹೊರಗೆ ದಾರಿ ಎರಡಾಗುತ್ತದೆ. ಒಂದು ರಾಗಿ ಹೊಲಗಳ ನಡುವೆ ಹೋಗುವ ದೊಡ್ಡ ರಸ್ತೆ. ಇನ್ನೊಂದು ತೋಟಗಳ ಪಕ್ಕದಲ್ಲೇ ಹೋಗುವ ಕೆರೆ ಏರಿಯ ದಾರಿ. ಶಂಭುಲಿಂಗಯ್ಯ ಬುದ್ಧಿವಂತಿಕೆಯಿಂದ ಹ್ಯಾಂಡಲನ್ನು ರಾಗಿಯ ಕಡೆ ತಿರುಗಿಸಿದ.

"ಆ ದಾರೀಲಿ ಜಲ್ಲಿ ಹಾಕವ್ರೆ ಕಣ್ರೀ. ಗಿಣ್ಣೆಲ್ಲ ಕಲಕಿ ಹೋಗುತ್ತೆ. ನಿಮ್ಮ ತಂಗಿ ಅತ್ತೇ ಬುಡ್ತಾಳೆ."

ಜಲ್ಲಿ ಹಾಕಿದ್ದು ನಿಜವೇ. ಹಾಲು ಕೊಡಲು ಬಂದ ಕೆಂಚಮ್ಮನನ್ನು ಗಿರಿಜಾ ಬೆಳಗಾಗುತ್ತಲೇ ಕೇಳಿ ಖಚಿತ ಮಾಡಿಕೊಂಡಿದ್ದಳು. ಅವನು ನಿಟ್ಟುಸಿರು ಬಿಟ್ಟು ಕೆರೆ ಏರಿಯ ದಾರಿ ಹಿಡಿದ.

ಜಟಕಾ ಕುದುರೆಗೆ ಕಣ್ಣುಪಟ್ಟಿ ಕಟ್ಟಿದ ಹಾಗೆ ಅವನು ಮುಂದಿನ ಚಕ್ರವನ್ನೇ ನೋಡುತ್ತಾ ತುಳಿದ. ಎಡಕ್ಕೆ ತೋಟಗಳು ಶುರುವಾದವು. ಅವನ ಕತ್ತಿನ ನರ ಬಿಗಿಯಿತು. ಮಡಿಕೆ ಬೀಳಲಿಲ್ಲ.

"ಏನಾದ್ರೂ ಮಾತಾಡೇ," ಎಂದ.

"ಏನು ಮಾತಾಡ್ಲಿ?"

"ಏನಾದ್ರೂ. ಸುಮ್ನಿದ್ರೆ ಆ ಕಡೇಗೆ ಎಳೀತದೆ."

ಗಿರಿಜಾ ತೊಡೆಯ ಮೇಲಿನ ಡಬ್ಬಿ ಸರಿಮಾಡಿಕೊಂಡಳು. ಮಾತಾಡಬೇಕೆಂದು ಪಂದ್ಯದಲ್ಲಿರಲಿಲ್ಲ. ತೋಟದೊಳಗೆ ಎಲ್ಲೋ ಬಲಿತ ಕಾಯಿಯೊಂದು ದೊಪ್ಪೆಂದು ಬಿತ್ತು. ಸೈಕಲ್ಲು ಒಮ್ಮೆ ತೊನೆಯಿತು, ಮತ್ತೆ ನೇರವಾಯಿತು. ಇಷ್ಟು ವರ್ಷ ಅವನು ರಸ್ತೆ ನೋಡಲೆಂದು ಬೇಡಿಕೊಂಡವಳು ಇವತ್ತು, ನೋಡದಿರಲಪ್ಪಾ ಎಂದು ಶಿವನಿಗೆ ಮೊರೆಯಿಡುತ್ತಿದ್ದಳು. ತನ್ನ ಮನಸ್ಸಿನ ಈ ಪಲ್ಟಿ ಕಂಡು ಅವಳಿಗೇ ನಗು ಬಂತು.

ಕೆರೆ ಏರಿ ಇಳಿದರೆ ವೀರಭದ್ರಯ್ಯನ ತೋಟ. ಆ ಸೀಮೆಗೇ ದೊಡ್ಡ ತೋಟ, ಈ ಸಲದ ಫಸಲಿನ ಮಾತು ಇನ್ನೂ ಯಾರೊಂದಿಗೂ ಆಗಿರಲಿಲ್ಲ. ಇನ್ನೊಬ್ಬ ವ್ಯಾಪಾರಿ ಕರಿಯಪ್ಪನ ಕಣ್ಣೂ ಅದರ ಮೇಲಿತ್ತು. ಸೂರ್ಯ ತೋಟದ ಹಿಂದಿನಿಂದ ಏರುತ್ತಿದ್ದ. ಗಿರಿಜಾ ಗಂಡನ ಕತ್ತನ್ನೇ ನೋಡುತ್ತಿದ್ದಳು. ಅದು ಬಗ್ಗಿಯೇ ಇತ್ತು. ಇನ್ನೂ ಸ್ವಲ್ಪ ಬಗ್ಗಿತು. ಆಮೇಲೆ ನಿಧಾನವಾಗಿ ಬಲಕ್ಕೆ ವಾಲಿತು.

ಅವನು ತುಟಿಯೊಳಗೇ ಏನೋ ಗುಣುಗುಣಿಸುತ್ತಿದ್ದುದು ಕೇಳಿಸಿತು. "ಒಂದು ಗೊನೆ... ಎರಡು... ಅರೆರೆ, ಇದ್ರಲ್ಲಿ..."

ಗಿರಿಜಾ ರಸ್ತೆ ನೋಡಿದಳು. ರಸ್ತೆಯ ತುಂಬ ಮರಗಳ ನೆರಳು ಉದ್ದಕ್ಕೆ ಮಲಗಿತ್ತು. ಗರಿ, ಗೊನೆ, ಕಾಯಿ, ಎಲ್ಲವೂ ಮಣ್ಣಿನ ಮೇಲೆ. ಈ ಪುಣ್ಯಾತ್ಮ ತಲೆ ಎತ್ತದೆ ನೆರಳಿನ ಕಾಯಿ ಎಣಿಸುತ್ತಿದ್ದ! ನೆರಳು ರಸ್ತೆ ದಾಟಿ ಬಲಗಡೆಯ ಇಳಿಜಾರಿಗೆ ಹರಿದಿತ್ತು. ಎಣಿಕೆಯ ಹಿಂದೆ ಕಣ್ಣು ಹೋಯಿತು, ಕಣ್ಣಿನ ಹಿಂದೆ ಹ್ಯಾಂಡಲ್ ಹೋಯಿತು. ಅವಳು ಡಬ್ಬಿ ಎದೆಗವಚಿಕೊಂಡು ಹಾರಿ ನಿಂತಳು. ಸೈಕಲ್ಲು ಶಂಭುಲಿಂಗಯ್ಯನನ್ನು ಕರೆದುಕೊಂಡು ಅಲ್ಲಿ ಒಟ್ಟಿದ್ದ ತೆಂಗಿನ ಸಿಪ್ಪೆಯ ಗುಡ್ಡೆಯೊಳಕ್ಕೆ ಹೋಯಿತು.

ಸಿಪ್ಪೆಯೊಳಗಿನಿಂದ ಮೊದಲು ಬಂದದ್ದು ಧ್ವನಿ.

"ನಾನು ತಲೆ ಎತ್ಲಿಲ್ಲ!"

ಗಿರಿಜಾ ಮುಚ್ಚಳ ತೆಗೆದು ನೋಡಿದಳು. ಗಿಣ್ಣು ಬಿರುಕು ಬಿಟ್ಟಿರಲಿಲ್ಲ.

"ಹೇಳೇ, ಎತ್ತಿದ್ನಾ?"

ಅವಳು ಸುಳ್ಳು ಹೇಳಬಹುದಿತ್ತು. ಕಂಡವರು ಯಾರೂ ಇರಲಿಲ್ಲ. ಸೋಮವಾರ, ಬಾಲವಾಡಿ, ತನ್ನ ಸುತ್ತ ಕೂತ ಮಕ್ಕಳು, ಎಲ್ಲವೂ ಒಂದು ಮಾತಿನಾಚೆ ಇದ್ದವು. ಸಿಪ್ಪೆಯ ನಾರು ಕಿವಿಗೆ ಸಿಕ್ಕಿಸಿಕೊಂಡು ಅವನು ಎಷ್ಟು ಆಸೆಯಿಂದ ನೋಡುತ್ತಿದ್ದನೆಂದರೆ ಅವಳಿಗೆ ಸಿಟ್ಟೂ ನಗುವೂ ಒಟ್ಟಿಗೇ ಬಂದವು.

"ಎತ್ಲಿಲ್ಲ," ಎಂದಳು.

"ಹಂಗಾದ್ರೆ ಪಂದ್ಯ?"

"ನಿಮ್ದೇ. ಕೆಲಸದ ಮಾತು ನಾನಿನ್ನು ಆಡಲ್ಲ."

ಗೆದ್ದವನು ಎದ್ದು ನಿಲ್ಲಲು ಹೋಗಿ "ಅಯ್ಯಪ್ಪಾ" ಎಂದು ಅಲ್ಲೇ ಕೂತ. ಬಲಗಾಲು ಉಳುಕಿತ್ತು. ಸದ್ದು ಕೇಳಿ ವೀರಭದ್ರಯ್ಯ ತೋಟದ ಬಾಗಿಲಿಗೆ ಬಂದರು. ವಯಸ್ಸಾದವರು, ನಗುವನ್ನು ಹೆಗಲ ವಸ್ತ್ರದಲ್ಲಿ ಒರೆಸಿಕೊಳ್ಳಲು ನೋಡಿದರು.

"ಏನಯ್ಯಾ ಶಂಭುಲಿಂಗು, ಕಾಯಿ ಬಿಟ್ಟು ಸಿಪ್ಪೆ ವ್ಯಾಪಾರಕ್ಕೆ ಇಳಿದ್ಯಾ? ಗಾಡಿ ಕಟ್ಟುಸ್ತಿದ್ದೆ, ಬೆಳಿಗ್ಗೇನೇ ಕೊಬ್ಬರಿ ಹೇರ್ಕೊಂಡು ತಿಪಟೂರಿಗೆ ಹೋಯ್ತು."

ಗಿರಿಜಾ ಸೈಕಲ್ಲನ್ನು ಎತ್ತಿ ನಿಲ್ಲಿಸಿ, ತಿರುಚಿಕೊಂಡಿದ್ದ ಹ್ಯಾಂಡಲನ್ನು, ಮುಂದಿನ ಚಕ್ರವನ್ನು ಕಾಲುಗಳ ನಡುವೆ ಸಿಕ್ಕಿಸಿ ನೇರ ಮಾಡಿದಳು. ಆಮೇಲೆ ಸೆರಗನ್ನು ಸೊಂಟಕ್ಕೆ ಬಿಗಿದು, ತೋಟದಲ್ಲಿ ಕಾಯಿ ಆಯುವಾಗ ಮಾಡುವ ಹಾಗೆ ಸೀರೆಗೆ ಕಚ್ಚೆ ಎಳೆದಳು. ವೀರಭದ್ರಯ್ಯ ಮರ್ಯಾದೆಯಿಂದ ಕೆರೆಯ ಕಡೆ ತಿರುಗಿ ನಿಂತರು.

"ಏನ್ ಮಾಡ್ತಿದೀಯೇ?" ಎಂದ ಶಂಭುಲಿಂಗಯ್ಯ.

"ಗಿಣ್ಣು ಹುಳಿಯಾಗುತ್ತೆ. ಹಿಂದೆ ಕುತ್ಕೊಳ್ಳಿ. ಡಬ್ಬಿ ಹಿಡ್ಕೊಳ್ಳಿ."

ಮೋರಿಯ ಕಟ್ಟೆಯ ಮೇಲೆ ಕಾಲಿಟ್ಟು ಅವಳು ಸೀಟು ಏರಿದಳು. ಮೊದಮೊದಲು ಸೈಕಲ್ಲು ಹಾವಿನಂತೆ ಹರಿಯಿತು. ಕಾಲಿಗೆ ನೆನಪಿತ್ತು, ತಲೆಯೇ ಕೈಕೊಡುತ್ತಿತ್ತು. ಒಲೆಯ ಮೇಲಿನ ಹಾಲನ್ನು ಅತ್ತೆ ಇಳಿಸಿದರೋ ಇಲ್ಲವೋ ಎಂದುಕೊಂಡಳು, ಚಕ್ರ ಎಡಕ್ಕೆ ಹೋಯಿತು. ಗಂಡನ ಅಂಗಿಯ ಕಿತ್ತುಹೋದ ಗುಂಡಿ ನೆನಪಾಯಿತು, ಬಲಕ್ಕೆ ಹೋಯಿತು. ಹೆಂಗಸರ ಮನಸ್ಸು ಹತ್ತು ಕಡೆ ಎಂದು ಗಂಡ ಹೇಳಿದ್ದು ನಿಜವೆಂದು ಗೊತ್ತಾಗಿ ಅವಳಿಗೆ ಕೋಪವೇ ಬಂತು. ಹತ್ತು ಕಡೆ ಅದನ್ನು ಹಂಚಿ ಇಟ್ಟವರು ಯಾರೆಂಬುದನ್ನು ಮಾತ್ರ ಅವನು ಹೇಳಿರಲಿಲ್ಲ. ಹಾಲೇ, ಉಕ್ಕಿ ಹೋಗು. ಗುಂಡಿಯೇ, ಬಿದ್ದಿರು. ಒಂದೊಂದನ್ನೇ ಹೀಗೆ ದಾರಿಯ ಬದಿಗೆ ಇಳಿಸುತ್ತಾ ಹೋದಳು. ಎದುರಿಗೆ ಕುರಿಮಂದೆ ಬಂತು. ಗಂಟೆ ಹೊಡೆದಳು, ಬ್ರೇಕ್ ಹಿಡಿದಳು, ಮಂದೆ ಎರಡಾಗಿ ಹರಿಯುವವರೆಗೆ ಒಂದು ಕಾಲೂರಿ ನಿಂತು, ಮತ್ತೆ ಹೊರಟಳು. ಎದುರಿಗೆ ಮಣ್ಣಿನ ದಾರಿ ಬಿಟ್ಟರೆ ಏನೂ ಉಳಿದಿರಲಿಲ್ಲ. ಇಷ್ಟು ವಿಶ್ರಾಂತಿ ಅವಳಿಗೆ ಮಲಗಿದಾಗಲೂ ಸಿಕ್ಕಿರಲಿಲ್ಲ.

ಹಿಂದಿನ ಸೀಟಿನಲ್ಲೋ, ಶಂಭುಲಿಂಗಯ್ಯನಿಗೆ ಸ್ವರ್ಗ ಸಿಕ್ಕಿತ್ತು. ಕಾಲಿನ ನೋವು ಮರೆತು ತಲೆಯನ್ನು ಪೂರ್ತಿ ಹಿಂದಕ್ಕೆ ಚೆಲ್ಲಿದ್ದ. ವೀರಭದ್ರಯ್ಯನ ತೋಟ ಸಾಲುಸಾಲಾಗಿ ಅವನ ಮುಖದ ಮೇಲೆ ಹಾದು ಹೋಗುತ್ತಿತ್ತು. ಕಾಲುವೆಯಿಲ್ಲ, ಎಮ್ಮೆಯಿಲ್ಲ.

"ಗಿರಿಜಾ, ಸ್ವಲ್ಪ ನಿಧಾನ! ಆ ಮೂಲೆ ಮರ... ಹಾಂ, ಈಗ ಹೋಗು. ಆ ಕರಿಯಪ್ಪ ಹತ್ತು ಜನ್ಮ ಎತ್ತಿದ್ರೂ ಹಿಂಗೆ ನೋಡೋಕಾಗಲ್ಲ ಕಣೇ!"

ಅವಳು ರಸ್ತೆ ನೋಡುತ್ತಿದ್ದಳು.

ಬಾಲವಾಡಿಯ ಹಳ್ಳಿ ಬಂತು, ಹಿಂದಾಯಿತು. ಸುಣ್ಣ ಬಳಿದ ಹೊಸ ಗೋಡೆಯ ಕಡೆ ಕಣ್ಣು ಹೋಗುವುದರಲ್ಲಿತ್ತು. ಹ್ಯಾಂಡಲನ್ನು ಬಿಗಿಹಿಡಿದು ಹೋಗಗೊಡಲಿಲ್ಲ.

ತುರುವೇಕೆರೆಯ ಗಡಿ ಕಾಣುವ ಹೊತ್ತಿಗೆ ಶಂಭುಲಿಂಗಯ್ಯ ತೀರ್ಮಾನಕ್ಕೆ ಬಂದಿದ್ದ. "ಸೋಮವಾರದಿಂದ ನೀನೇ ಸೈಕಲ್ ಹೊಡಿ ಕಣೇ. ನಾನು ಹಿಂದೆ ಕುತ್ಕೊಂಡು ತೋಟ ನೋಡ್ಕೊಂತೀನಿ."

ಗಿರಿಜಾ ಪೆಡಲು ತುಳಿಯುತ್ತಲೇ ಇದ್ದಳು.

"ಯಾಕೇ ಸುಮ್ನಿದೀಯಾ?"

"ಸೋಮವಾರದ ಮಾತು ನಾನು ಆಡಂಗಿಲ್ಲ. ನೀವು ಪಂದ್ಯ ಗೆದ್ದಿದೀರಿ."

"ಅದು ಬಾಲವಾಡಿ ಮಾತು. ಇದು ಬ್ಯಾರೆ."

"ಯಾವ ಬಾಲವಾಡಿ?" ಎಂದಳು ಗಿರಿಜಾ, ಕೇಳಿಯೇ ಇಲ್ಲದವಳಂತೆ.

ತನ್ನ ಗೆಲುವನ್ನೇ ಎದುರಿಟ್ಟುಕೊಂಡು ಶಂಭುಲಿಂಗಯ್ಯ ಒಬ್ಬನೇ ಚೌಕಾಶಿ ಮಾಡತೊಡಗಿದ.

"ಅದೇ... ಹಿಂದೆ ಒಂದು ಹಳ್ಳಿ ದಾಟಿದ್ವಲ್ಲ. ಈ ದಾರೀಲೇ ತಾನೇ ಇರೋದು."

"ಇರಬೋದು."

"ವೀರಭದ್ರಯ್ಯನ ತೋಟದ ತಾವ ನನ್ನ ಇಳಿಸಿ ನೀನು ಮುಂದಕ್ಕೆ ಹೋದ್ರೆ..."

"ಎಲ್ಲಿಗೆ?"

"ಬಾಲವಾಡಿಗೆ ಕಣೇ! ನಿನ್ನ ಕೆಲಸಕ್ಕೆ! ಏನ್ ಬಾಯಿ ಬಿಡುಸ್ತೀಯೇ ಮಾರಾಯ್ತಿ!"

"ನೀವು ಅಷ್ಟು ಬಲವಂತ ಮಾಡಿದ್ರೆ ನಾನೇನು ಮಾಡ್ಲಿ," ಎಂದಳು ಗಿರಿಜಾ, ಮುಂದೆ ನೋಡುತ್ತಾ. ಅವಳ ಮುಖ ಅವನಿಗೆ ಕಾಣುತ್ತಿರಲಿಲ್ಲ. ಹಿಂದೆ ಕೂತವರಿಗೆ ಕಾಣುವುದು ಕತ್ತು ಮಾತ್ರ. ಅದನ್ನು ಓದುವ ಅಭ್ಯಾಸ ಅವನಿಗಿನ್ನೂ ಆಗಿರಲಿಲ್ಲ.

ಸೋಮವಾರ ಬೆಳಿಗ್ಗೆ ಜಗಲಿಯ ಮೇಲಿಂದ ಹೊಂಬಾಳಮ್ಮ ನೋಡಿದಳು. ಸೊಸೆ ಮುಂದೆ, ಕಾಲಿಗೆ ಪಟ್ಟಿ ಕಟ್ಟಿದ ಮಗ ಹಿಂದೆ.

"ಏನ್ಲಾ, ಹೆಂಡ್ತಿ ಹಿಂದೆ ಕುತ್ಕೊಂಡು ಹೊಂಟ್ಯಾ?"

"ವ್ಯಾಪಾರ ಮಾಡೋನು ನಾನು ಕಣವ್ವ. ಅವಳು ಸೈಕಲ್ ಹೊಡೀತಾಳೆ, ಅಷ್ಟೆ."

ವೀರಭದ್ರಯ್ಯನ ತೋಟದ ಬಾಗಿಲಲ್ಲಿ ಅವನು ಕುಂಟುತ್ತಾ ಇಳಿದ. ಹಿಂದಿನ ಭಾರ ಇಳಿದ ಸೈಕಲ್ಲು ಗಿರಿಜಾಳ ಕಾಲ ಕೆಳಗೆ ಹಗುರಾಗಿ ಚಿಮ್ಮಿತು. ರಸ್ತೆಯ ಮೇಲೆ ಅದೇ ನೆರಳು ಮಲಗಿತ್ತು. ಅವಳು ಅದರ ಮೇಲೆ ಹಾಯ್ದು ಹೋದಳು. ಒಂದು ಗೊನೆ ಎಣಿಸಬೇಕೆನಿಸಿತು, ಎಣಿಸಲಿಲ್ಲ.

"ಲೇ ಗಿರಿಜಾ," ಹಿಂದಿನಿಂದ ಅವನ ಕೂಗು ಕೇಳಿಸಿತು, "ಗಮನ ಇಟ್ಟು ಹೋಗು! ಆ ಕಡೆ ಈ ಕಡೆ ನೋಡಬ್ಯಾಡ!"

ಹಾಗೆ ಕೂಗುವಾಗ ಅವನು ತನ್ನನ್ನು ನೋಡುತ್ತಿದ್ದನೋ ಮರವನ್ನೋ ಎಂದು ತಿಳಿಯಬೇಕಾದರೆ ಅವಳು ತಿರುಗಿ ನೋಡಬೇಕಿತ್ತು. ಅಷ್ಟರಲ್ಲಿ ಸಿಪ್ಪೆಯ ಗುಡ್ಡೆಗೆ ಏನೋ ಬಿದ್ದ ಸದ್ದಾಯಿತು. ಕಾಯಿಗಿಂತ ದೊಡ್ಡದೇ. ಗಿರಿಜಾ ನಕ್ಕಳು, ಒಮ್ಮೆ ಗಂಟೆ ಹೊಡೆದಳು, ಮುಂದೆ ನೋಡಿಕೊಂಡೇ ಹೋದಳು.